ಲಾಗ್ ಬುಕ್ಕಿನಲ್ಲಿ ಕೆಳಗೆ ಬರೆದ ಸಾಲು

ಬೆಳ್ತಂಗಡಿಯಲ್ಲಿರುವ ನನ್ನ ತಂಗಿಯ ಮಗಳು ಅಕ್ಷತಾಳಿಗೆ ಬಂದರಿನ ರೇಡಿಯೊ ಕೋಣೆಯಲ್ಲಿ ಕೆಲಸ ಆಯಿತು. ನಾನು ಮೂವತ್ತನಾಲ್ಕು ವರ್ಷ ಕೂತದ್ದೂ ಅಂಥದೇ ಕೋಣೆಯಲ್ಲಿ, ಬಂದರು ಮಾತ್ರ ಬೇರೆ. ಆದೇಶದ ಕಾಗದ ಹಿಡಿದುಕೊಂಡು ಮೂಡುಬಿದಿರೆಯ ನಮ್ಮ ಮನೆಗೆ ಬಂದವಳು ಚಾ ಕುಡಿಯುತ್ತಾ ಕೇಳಿದಳು: "ಮಾವ, ನಿಜ ಹೇಳಿ. ಅಷ್ಟು ವರ್ಷ ನೀವು ಅಲ್ಲಿ ಮಾಡಿದ್ದೇನು? ಸುಮ್ಮನೆ ಹೆಡ್‌ಫೋನ್ ಹಾಕಿ ಕೂತದ್ದಾ?"

ಹೌದು, ಹೆಡ್‌ಫೋನ್ ಹಾಕಿ ಕೂತದ್ದೇ. ಆದರೆ ಕೂರುವುದರಲ್ಲೂ ಒಂದು ಕ್ರಮ ಉಂಟು ಮಾರಾಯ್ತಿ. ಅದನ್ನು ಬಾಯಿಯಲ್ಲಿ ಹೇಳಿದರೆ ನಡುವೆ ನಾನು ದೊಡ್ಡಸ್ತಿಕೆ ಕೊಚ್ಚಲು ಶುರು ಮಾಡಿಯೇನು ಎಂಬ ಭಯದಿಂದ ಬರೆದಿಡುತ್ತಿದ್ದೇನೆ. ಬರೆಯುವಾಗಲೂ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಬೇಕು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಹಾರ ಹಾಕಿ ಕಳುಹಿಸಿದರು ಎಂಬುದೆಲ್ಲ ನಿನಗೆ ಪ್ರಯೋಜನಕ್ಕೆ ಬರುವುದಿಲ್ಲ. ಕೆಲಸ ಏನೆಂದರೆ ಇಷ್ಟೇ: ಸಮುದ್ರದಲ್ಲಿರುವವರು ಹೇಳಿದ್ದನ್ನು ಕೇಳಬೇಕು, ಕೇಳಿದ್ದನ್ನು ಬರೆಯಬೇಕು. ಎರಡನ್ನೂ ನಾನು ಚೆನ್ನಾಗಿಯೇ ಮಾಡುತ್ತಿದ್ದೆ, ಒಂದು ದಿನ ಬಿಟ್ಟು.

ಸಮುದ್ರಕ್ಕೂ ನಮಗೂ ಸಂಬಂಧವೇ ಇರಲಿಲ್ಲ. ಬಂಟ್ವಾಳ ಪೇಟೆಯ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ನಾನು ಕೆಲಸ ಕಲಿತವನು. ವಾಮದಪದವಿನಿಂದ, ಸಿದ್ಧಕಟ್ಟೆಯಿಂದ ಜನ ಟವೆಲಿನಲ್ಲಿ ಸುತ್ತಿ ರೇಡಿಯೊ ತರುತ್ತಿದ್ದರು. ಬಿಚ್ಚುವ ಮೊದಲು ಹಚ್ಚಿ ಕೇಳಬೇಕು, ಅದು ಯಾವ ರೀತಿಯಲ್ಲಿ ಗೊರಗುಟ್ಟುತ್ತದೆ ಎಂಬುದರಲ್ಲೇ ಎಲ್ಲಿ ಕೆಟ್ಟಿದೆಯೆಂದು ತಿಳಿಯುತ್ತದೆ. ಆ ಅಭ್ಯಾಸದಿಂದಲೇ ಬಂದರಿನ ಪರೀಕ್ಷೆಯಲ್ಲಿ ಪಾಸಾದೆ. ಹೆಡ್‌ಫೋನಿನಲ್ಲಿ ಗದ್ದಲದ ನಡುವೆ ಹೇಳಿದ ಇಪ್ಪತ್ತು ಶಬ್ದಗಳನ್ನು ಬರೆಯಬೇಕಿತ್ತು. ನಾನು ಇಪ್ಪತ್ತನ್ನೂ ಬರೆದು, ಕೊನೆಗೆ ಹೇಳುವವರು ಕೆಮ್ಮಿದ್ದನ್ನೂ ಬರೆದಿದ್ದೆ.

ನನ್ನ ಮೊದಲ ಮೇಲಧಿಕಾರಿ ನಾಯರ್ ಸಾಹೇಬರು. ಕಣ್ಣೂರು ಕಡೆಯವರು. ಬೈಯುವಾಗಲೂ ಸ್ವರ ಏರಿಸುತ್ತಿರಲಿಲ್ಲ, ಹಾಗಾಗಿ ಅವರು ಬೈದದ್ದು ಮನೆಗೆ ಹೋದ ಮೇಲೆಯೇ ತಿಳಿಯುತ್ತಿತ್ತು. ಸೇರಿದ ಮೊದಲ ತಿಂಗಳಲ್ಲಿ ಒಂದು ಹಡಗು "ಆರು ಗಂಟೆಗೆ ಬಂದರಿನ ಹೊರಗೆ ತಲುಪುತ್ತೇವೆ" ಎಂದಿತು. ಹಡಗಿನವರು ಹೇಳುವುದು ಗ್ರೀನಿಚ್ ಸಮಯ, ಅಂದರೆ ನಮ್ಮ ಹನ್ನೊಂದೂವರೆ. ನಾನು ನಮ್ಮೂರ ಆರು ಗಂಟೆ ಎಂದು ತಿಳಿದು ಹಡಗನ್ನು ಒಳಗೆ ತರುವ ಪೈಲಟರನ್ನು ಬೆಳಗ್ಗೆ ಆರಕ್ಕೇ ದೋಣಿಯಲ್ಲಿ ಕಳುಹಿಸಿಬಿಟ್ಟೆ. ಪಾಪ, ಆ ಮನುಷ್ಯ ಐದೂವರೆ ಗಂಟೆ ಅಲೆಯ ಮೇಲೆ ಕುಲುಕಾಡಿ, ತಿಂದ ಇಡ್ಲಿಯನ್ನೆಲ್ಲ ಮೀನಿಗೆ ಕೊಟ್ಟು ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಬಂದರು. ನಾನು ಊಟಕ್ಕೆ ಹೋದವನು ಸಂಜೆಯವರೆಗೆ ಬರಲಿಲ್ಲ.

ಬಂದ ಮೇಲೆ ಒಂದು ಜಾಣತನ ಮಾಡಿದೆ. ಲಾಗ್ ಬುಕ್ಕಿನಲ್ಲಿ, ಎಂದರೆ ರೇಡಿಯೊದಲ್ಲಿ ಕೇಳಿದ್ದನ್ನೆಲ್ಲ ಬರೆಯುವ ಪುಸ್ತಕದಲ್ಲಿ, ಬ್ಲೇಡಿನಿಂದ ನಾಜೂಕಾಗಿ ಹೆರೆದು ಸಮಯ ತಿದ್ದಿದೆ. ನಾಯರ್ ಸಾಹೇಬರು ಮರುದಿನ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಪೈಲಟರಿಗೆ ವಾಂತಿ ಆದದ್ದು ಒಂದು ದಿನಕ್ಕೆ ಸರಿ ಆಗ್ತದೆ. ಇದು ಸರಿ ಆಗುವುದಿಲ್ಲ. ಲಾಗಿನಲ್ಲಿ ಬರೆದದ್ದನ್ನು ಅಳಿಸಲಿಕ್ಕಿಲ್ಲ, ಹೆರೆಯಲಿಕ್ಕಿಲ್ಲ. ತಪ್ಪಿದರೆ ಮೇಲಿಂದ ಒಂದೇ ಗೆರೆ ಎಳಿ, ಓದಲಿಕ್ಕೆ ಆಗಬೇಕು. ಸರಿಯಾದದ್ದನ್ನು ಕೆಳಗೆ ಬರೆದು ಸಹಿ ಹಾಕು. ಗೊತ್ತಾಯಿತಾ?"

"ಗೊತ್ತಾಯಿತು ಸಾರ್" ಎಂದೆ. ಗೊತ್ತಾಗಲು ಇಪ್ಪತ್ತೈದು ವರ್ಷ ಬೇಕಾಯಿತು.

ಈಗ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಒಂದು ಸಂಜೆ ಮೀನುಗಾರಿಕೆಯ ದೋಣಿಯೊಂದರ ತಾಂಡೇಲ, ದೋಣಿ ನಡೆಸುವವನು, ರೇಡಿಯೊದಲ್ಲಿ ಬಂದು ಹವೆಯ ಬಗ್ಗೆ ಕೇಳಿದ. ಹೇಳಿದೆ. "ಮತ್ತೆ ಎಲ್ಲ ಸಮ ಉಂಟಾ?" ಎಂದೆ. "ಎಲ್ಲ ಸಮ ಉಂಟು" ಎಂದ. ಆದರೆ ಅವನ ಮಾತಿನ ಹಿಂದೆ ಎಂಜಿನ್ನಿನ ಸದ್ದೇ ಇರಲಿಲ್ಲ. ಬಲೆ ಎಳೆಯುವ ಹೊತ್ತೂ ಅಲ್ಲ. ಮತ್ತೆ ಕರೆದು, "ಎಂಜಿನ್ ಯಾಕೆ ನಿಂತಿದೆ?" ಎಂದು ಕೇಳಿದೆ. ಅಡಿಯಲ್ಲಿ ನೀರು ಬರುತ್ತಿದೆ ಎಂದ. ಮಾಲಿಕನಿಗೆ ತಿಳಿದರೆ ಬೈಗುಳ ಎಂದು ಹೇಳಿರಲಿಲ್ಲ. ಹತ್ತಿರದ ಎರಡು ದೋಣಿಗಳನ್ನು ಕಳುಹಿಸಿದೆವು, ಎಲ್ಲರೂ ದಡ ಸೇರಿದರು. ಅಂದಿನಿಂದ ಬಂದರಿನಲ್ಲಿ ನನಗೆ ಹೆಸರಾಯಿತು, ಹೇಳದ್ದನ್ನೂ ಕೇಳುವವನು ಎಂದು. ಆ ಹೆಸರು ನನ್ನ ತಲೆಗೆ ಏರಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಏಕೆಂದರೆ ಮುಂದಿನದು ಒಬ್ಬ ಹೇಳಿದ್ದನ್ನು ನಾನು ಬರೆಯದೆ ಹೋದ ಕತೆ.

ನನ್ನ ನಿವೃತ್ತಿಗೆ ಇನ್ನೂ ಕೆಲವು ವರ್ಷ ಇತ್ತು. ನಾಯರ್ ಸಾಹೇಬರು ಆಗಲೇ ಊರಿಗೆ ಹೋಗಿ ತೆಂಗು ನೋಡಿಕೊಂಡಿದ್ದರು. ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಕೊಚ್ಚಿಯಿಂದ ಗೋವಾಕ್ಕೆ ಹಾಯಿದೋಣಿಗಳ ರೇಸ್ ನಡೆಯಿತು. ಎಂಜಿನ್ ಹಾಕುವ ಹಾಗಿಲ್ಲ, ಹಗಲೂ ರಾತ್ರಿಯೂ ಗಾಳಿಯಲ್ಲೇ ಬರಬೇಕು. ನಮ್ಮ ಕರಾವಳಿ ದಾಟುವಾಗ ಪ್ರತಿ ದೋಣಿ ದಿನಕ್ಕೆ ಎರಡು ಸಲ ನಮ್ಮನ್ನು ಕರೆದು ಎಲ್ಲಿದ್ದೇವೆ, ಎಷ್ಟು ಜನ, ಎಲ್ಲ ಕ್ಷೇಮವೇ ಎಂದು ಹೇಳಬೇಕು. ನಾವು ಬರೆದುಕೊಂಡು ರೇಸಿನವರಿಗೆ ತಿಳಿಸಬೇಕು. ಮಾತೆಲ್ಲ ಇಂಗ್ಲಿಷಿನಲ್ಲಿ, ಚುಟುಕಾಗಿ. ಪಟ್ಟಾಂಗ, ಅಂದರೆ ಹರಟೆ, ಹೊಡೆಯುವುದು ಅಪರಾಧ.

'ನೀಲಿಮಾ' ಎಂಬ ದೋಣಿಯಿಂದ ಮಾತಾಡಿದ್ದು ಒಬ್ಬ ತರುಣ. ಇಂಗ್ಲಿಷ್ ಚೆನ್ನಾಗಿತ್ತು, ಆದರೆ ಆ ಇಂಗ್ಲಿಷಿನ ಕೆಳಗೆ ನಮ್ಮ ಊರು ಇತ್ತು. ತಡೆಯಲಾಗಲಿಲ್ಲ. ಚಾನೆಲ್ ಬದಲಿಸಲು ಹೇಳಿ, ಅಲ್ಲಿ ಊರು ಎಲ್ಲಿ ಎಂದು ತುಳುವಿನಲ್ಲಿ ಕೇಳಿದೆ: "ಊರು ಓಲು?"

 ಆ ಕಡೆಯಿಂದ ನಗು. "ಪಾಣೆಮಂಗಳೂರು ಅಣ್ಣಾ! ನೀವು?"

ಅವನ ಹೆಸರು ನಿತೇಶ. ಇಪ್ಪತ್ತಮೂರು ವರ್ಷ. ಅಪ್ಪ ಬಾಬಣ್ಣ ಒಂದು ಕಾಲದಲ್ಲಿ ನೇತ್ರಾವತಿಯ ಕಡವಿನಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು. ಮಗ ಗೋವಾದಲ್ಲಿ ಹಾಯಿದೋಣಿ ತೊಳೆಯುವ ಕೆಲಸಕ್ಕೆ ಸೇರಿ, ನಡೆಸುವುದನ್ನು ಕಲಿತು, ಈಗ ಮೊದಲ ದೊಡ್ಡ ರೇಸಿಗೆ ಬಂದಿದ್ದ. ಅವನ ಅಪ್ಪನ ವಯಸ್ಸಿನವನಾದ ನನ್ನನ್ನು ಅಣ್ಣ ಎನ್ನುತ್ತಿದ್ದ. ರೇಡಿಯೊದಲ್ಲಿ ನರೆಗೂದಲು ಕಾಣುವುದಿಲ್ಲವಲ್ಲ, ನಾನೂ ತಿದ್ದಲಿಲ್ಲ. ಅದು ಮೊದಲ ಸಂಜೆ.

ಮರುದಿನ ಬೆಳಗ್ಗೆ ಏಳೂ ನಲವತ್ತಕ್ಕೆ ಅವನ ಕರೆ ಬಂತು. ಇಂಗ್ಲಿಷಿನಲ್ಲಿ: ಜಾಗ ಇಂಥದ್ದು, ಆರು ಜನ, ಎಲ್ಲ ಕ್ಷೇಮ. ಬರೆದುಕೊಂಡೆ. ಆಮೇಲೆ ಅವನೇ ತುಳುವಿಗೆ ಬಂದ.

"ಅಣ್ಣಾ, ಒಂದು ಸಣ್ಣ ತಾಪತ್ರಯ. ನನ್ನ ಸೊಂಟದ ಪಟ್ಟಿಯ ಕೊಕ್ಕೆ ಕೆಟ್ಟಿದೆ. ಸ್ಪ್ರಿಂಗ್ ಹೋಗಿದೆ, ಬಾಯಿ ಮುಚ್ಚುವುದಿಲ್ಲ."

ದೋಣಿಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಹಗ್ಗ ಇರುತ್ತದೆ. ಪಟ್ಟಿಯ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿಕೊಂಡೇ ಓಡಾಡಬೇಕು. ಜಾರಿದರೂ ದೋಣಿಗೆ ನೇತಾಡುತ್ತಾರೆ, ಸಮುದ್ರದ ಪಾಲಾಗುವುದಿಲ್ಲ.

"ಸ್ಕಿಪ್ಪರಿಗೆ ಹೇಳಿದೆಯಾ?" ಎಂದು ದೋಣಿಯ ನಾಯಕನ ಬಗ್ಗೆ ಕೇಳಿದೆ.

"ಹೇಳಿದೆ. ಗೋವಾದಲ್ಲಿ ನೋಡುವ ಅಂದ್ರು. ನಾನು ಹಗ್ಗದಲ್ಲಿ ಕಟ್ಟಿಕೊಂಡಿದ್ದೇನೆ, ಅಪ್ಪ ಕಲಿಸಿದ ಗಂಟು. ಬರೀಬೇಡಿ ಅಣ್ಣ. ಬರೆದರೆ ದೋಣಿಯನ್ನು ನಿಲ್ಲಿಸ್ತಾರೆ, ಮತ್ತೆ ನನ್ನನ್ನು ಯಾರೂ ರೇಸಿಗೆ ಕರೆಯಲಿಕ್ಕಿಲ್ಲ."

"ಜಾಗ್ರತೆ ಮಾರಾಯ" ಎಂದೆ. ಬರೆಯಲಿಲ್ಲ.

ಯಾಕೆ ಬರೆಯಲಿಲ್ಲ? ಅವನು ಬೇಡ ಎಂದ ಎಂಬುದು ಅರ್ಧ. ಇನ್ನರ್ಧ ನನ್ನದು. ಬರೆದರೆ ನಾನು ತುಳುವಿನಲ್ಲಿ ಪಟ್ಟಾಂಗ ಹೊಡೆದದ್ದೂ ಹೊರಬೀಳುತ್ತಿತ್ತು. ಅದಕ್ಕೂ ಮಿಗಿಲಾಗಿ, ಇಂಗ್ಲಿಷಿನಲ್ಲಿ ಹೇಳಿದ್ದು ಕಚೇರಿಯ ಮಾತು, ತುಳುವಿನಲ್ಲಿ ಹೇಳಿದ್ದು ಮನೆಯ ಜಗಲಿಯಲ್ಲಿ ಕೂತು ಆಡಿದ ಮಾತು ಎಂದು ನನ್ನ ತಲೆಯಲ್ಲಿ ಹೇಗೋ ಕೂತುಬಿಟ್ಟಿತ್ತು. ಜಗಲಿಯ ಮಾತನ್ನು ಯಾರು ಪುಸ್ತಕದಲ್ಲಿ ಬರೆಯುತ್ತಾರೆ? ಚಿಕ್ಕಂದಿನಿಂದ ಶಾಲೆಯಲ್ಲಿ, ಕಚೇರಿಯಲ್ಲಿ ಹಾಗೆಯೇ ಬದುಕಿದವರು ನಾವು. 'ನೀಲಿಮಾ' ಆಗ ನಮ್ಮ ಬಂದರಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿತ್ತು. ಬರೆದು ತಿಳಿಸಿದ್ದರೆ ಒಂದು ದೋಣಿಯಲ್ಲಿ ಬೇರೆ ಪಟ್ಟಿ ಕಳುಹಿಸಬಹುದಿತ್ತು.

ಮಧ್ಯಾಹ್ನ ಪಡುವಣ ಗಾಳಿ ಜೋರಾಯಿತು. ಮೂರೂವರೆಗೆ ಸ್ಕಿಪ್ಪರನ ಸ್ವರ ಬಂತು. ಮುಂದಿನ ಹಾಯಿ ಇಳಿಸಲು ಹೋದ ಒಬ್ಬ ನೀರಿಗೆ ಬಿದ್ದಿದ್ದಾನೆ, ಕಾಣುತ್ತಿಲ್ಲ. ನಾನು ಹೆಸರು ಕೇಳಲಿಲ್ಲ. ಆ ದೋಣಿಯ ರೇಡಿಯೊದಲ್ಲಿ ಬೇರೆಯವರು ಮಾತಾಡುತ್ತಿದ್ದಾರೆ ಎಂದ ಮೇಲೆ ಕೇಳುವ ಅಗತ್ಯ ಇರಲಿಲ್ಲ.

ಆಮೇಲಿನ ಕೆಲಸವನ್ನು ನಾನು ತಪ್ಪಿಲ್ಲದೆ ಮಾಡಿದೆ, ಹೆಮ್ಮೆಯಿಂದಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಜಾಗ ಬರೆದುಕೊಂಡು ರಕ್ಷಣಾ ಹಡಗಿಗೆ ತಿಳಿಸಿದೆ, ಹಾದುಹೋಗುತ್ತಿದ್ದ ಎರಡು ದೊಡ್ಡ ಹಡಗುಗಳನ್ನು ತಿರುಗಿಸಿದೆ, ಬಂದರಿನ ಮೀನುಗಾರರನ್ನು ಕರೆದೆ. ಯಾರೂ ಬರುವುದಿಲ್ಲ ಎನ್ನಲಿಲ್ಲ. ಹಿಂದೆ ಅಡಿಯಲ್ಲಿ ನೀರು ತುಂಬಿಸಿಕೊಂಡಿದ್ದ ಆ ತಾಂಡೇಲನೂ ಹೋದ. ಮೂರು ದಿನ ಹುಡುಕಿದರು. ನಿತೇಶ ಸಿಗಲಿಲ್ಲ. ಒಂದು ಚಪ್ಪಲಿಯೂ ಸಿಗಲಿಲ್ಲ.

ವಾರದ ಬಳಿಕ ವಿಚಾರಣೆ. ಸ್ಕಿಪ್ಪರ್ ಹೇಳಿದ, "ಅವನು ಕೊಕ್ಕೆ ಸಿಕ್ಕಿಸಿಕೊಳ್ಳದೆ ಮುಂದೆ ಹೋದ. ಕೂಗಿದೆ, ಕೇಳಲಿಲ್ಲ." ಪಟ್ಟಿ ನಿತೇಶನ ಮೈಮೇಲೆ, ನಿತೇಶ ಸಮುದ್ರದಲ್ಲಿ. ದೋಣಿಯ ಉಳಿದ ನಾಲ್ವರು ಬಾಯಿ ಬಿಡಲಿಲ್ಲ, ಸಾಕ್ಷಿಗೆ ಉಳಿದದ್ದು ನನ್ನ ಲಾಗ್ ಬುಕ್ ಒಂದೇ. ವಿಚಾರಣೆಯವರು ಕೇಳಿದರು, "ಆ ಬೆಳಗ್ಗೆ ದೋಣಿಯಿಂದ ಯಾವುದಾದರೂ ದೋಷ ತಿಳಿಸಿದ್ದರೇ?"

"ಲಾಗಿನ ಪ್ರಕಾರ ಇಲ್ಲ" ಎಂದೆ.

ಅದು ಸುಳ್ಳಲ್ಲ. ಸುಳ್ಳಿಗಿಂತಲೂ ಕೆಟ್ಟದ್ದು. 'ಆರು ಜನ, ಎಲ್ಲ ಕ್ಷೇಮ' ಎಂಬ ನನ್ನದೇ ದುಂಡಗಿನ ಅಕ್ಷರ ಸತ್ತವನ ವಿರುದ್ಧ ಸಾಕ್ಷಿ ಹೇಳಿತು. ಮೃತನ ಸ್ವಂತ ಅಜಾಗರೂಕತೆಯೇ ಕಾರಣ ಎಂದು ವರದಿಯ ಕರಡು ತಯಾರಾಯಿತು. ಹೊರಗೆ ಬಂದ ಮೇಲೆ ನಮ್ಮ ಹೊಸ ಮುಖ್ಯಸ್ಥರಿಗೆ ನಡೆದದ್ದನ್ನು ಹೇಳಿದೆ.

"ಯಾವ ಭಾಷೆಯಲ್ಲಿ ಹೇಳಿದ?"

"ತುಳುವಿನಲ್ಲಿ."

"ಹಾಗಾದರೆ ಅದು ಸಂದೇಶವೇ ಅಲ್ಲ. ಬಿಟ್ಟುಬಿಡಿ. ನಿಮ್ಮ ಒಳ್ಳೆಯದಕ್ಕೆ ಹೇಳ್ತಿದ್ದೇನೆ."

ಬಿಡಲು ನೋಡಿದೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ರಜೆ ಹಾಕಿ ಬಸ್ಸು ಹತ್ತಿ ಪಾಣೆಮಂಗಳೂರಿಗೆ ಹೋದೆ. ಸಂತಾಪ ಹೇಳಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹೊಳೆಗೆ ಹತ್ತಿರದ ಮನೆ. ಬಾಬಣ್ಣ ಅಂಗಳದಲ್ಲಿ ಕುರ್ಚಿ ಹಾಕಿದರು. ನಿತೇಶನ ತಾಯಿ ಗಿರಿಜಕ್ಕ ನೀರು, ಬೆಲ್ಲ ತಂದಿಟ್ಟು ಬಾಗಿಲ ಬಳಿ ನಿಂತರು. ರೇಡಿಯೊದಲ್ಲಿ ಅವನೊಡನೆ ಮಾತಾಡಿದವನು ನಾನೇ ಎಂದ ಕೂಡಲೇ ಬಾಬಣ್ಣ ಕೇಳಿದರು:

"ಅವನು ಕಟ್ಟಿಕೊಳ್ಳಲಿಲ್ಲ ಅಂತ ಹೇಳ್ತಾರೆ ಸಾರ್. ಹೌದಾ?"

ನಾನು ನೀರು ಕುಡಿದೆ.

"ಆರು ವರ್ಷದವ ಇರುವಾಗಿಂದ ನನ್ನ ದೋಣಿಯಲ್ಲಿ ಬರ್ತಿದ್ದ. ಮಳೆಗಾಲದ ಹೊಳೆ. ಅಡ್ಡಹಲಗೆಗೆ ಹಗ್ಗ, ಹಗ್ಗಕ್ಕೆ ಅವನ ಸೊಂಟ. ಆಮೇಲೆ ನಾನು ಹೇಳಬೇಕು ಅಂತಲೇ ಇಲ್ಲ, ಕಟ್ಟಿಕೊಂಡು ಕೂತ ಮೇಲೆ 'ಬಿಡಿ ಅಪ್ಪ' ಅಂತಿದ್ದ. ಅಷ್ಟಾದ ಮೇಲೆ ನಾನು ದೋಣಿ ಬಿಡುವುದು. ಈಗ ನೆಂಟರೆಲ್ಲ ಬೊಜ್ಜ ಮಾಡಿ ಮುಗಿಸು, ದಿನ ಮೀರ್ತದೆ ಅಂತಾರೆ. ಮಾಡುವ. ಆದರೆ ಏನಂತ ಎಲೆ ಹಾಕುವುದು? ನಾನು ಕಲಿಸಿದ್ದನ್ನು ಮರೆತು ಹೋದ ಅಂತಲಾ? ಅದು ನಿಜ ಆದರೆ ಹೇಳಿ, ಒಪ್ತೇನೆ. ಗೊತ್ತಾಗದೆ ನಾನು ಬಡಿಸುವುದಿಲ್ಲ."

ಬೊಜ್ಜ ಎಂದರೆ ಸತ್ತವರಿಗೆ ಕೊನೆಯ ಊಟ ಬಡಿಸುವ ದಿನ. ಮನಸ್ಸಿನಲ್ಲಿ ಸಂಶಯ ಇಟ್ಟುಕೊಂಡು ಬಡಿಸಿದರೆ ಅದು ಅವರಿಗೆ ಮುಟ್ಟುವುದಿಲ್ಲ ಎಂದು ನಮ್ಮಲ್ಲಿ ನಂಬುತ್ತಾರೆ, ನಾನೂ ನಂಬುತ್ತೇನೆ.

ಎಲ್ಲವನ್ನೂ ಹೇಳಿದೆ. ಕೊಕ್ಕೆ, ಹಗ್ಗ, ಅಪ್ಪ ಕಲಿಸಿದ ಗಂಟು ಎಂದದ್ದು, ಬರೀಬೇಡಿ ಎಂದದ್ದು. ನಾನು ಬರೆದದ್ದೇನು, ವಿಚಾರಣೆಯಲ್ಲಿ ಆಡಿದ್ದೇನು ಎಂಬುದನ್ನೂ. ಗಿರಿಜಕ್ಕ ಸೆರಗನ್ನು ಬಾಯಿಗೆ ಒತ್ತಿ ಒಳಗೆ ಹೋದರು. ಬಾಬಣ್ಣ ಹೊಳೆಯ ಕಡೆ ತಿರುಗಿದರು. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ.

"ಬರೀಬೇಡಿ ಅಂತ ಅವನು ಹೇಳಿಯಾನು. ಹುಡುಗ" ಎಂದರು. "ನೀವು ಹುಡುಗ ಅಲ್ಲವಲ್ಲ."

"ಅಲ್ಲ."

"ಈಗ ತಿದ್ದಲಿಕ್ಕೆ ಆಗ್ತದಾ?"

"ಬರೆದದ್ದನ್ನು ತಿದ್ದಲಿಕ್ಕಾಗುವುದಿಲ್ಲ ಬಾಬಣ್ಣ. ಕೆಳಗೆ ಬರೆಯಬಹುದು."

"ಹಾಗಾದರೆ ಕೆಳಗೆ ಬರೆಯಿರಿ. ನಾನು ಕಾಯ್ತೇನೆ."

ಮರುದಿನ ಹೋಗಿ ಲಾಗ್ ಬುಕ್ ತೆಗೆದೆ. 'ಎಲ್ಲ ಕ್ಷೇಮ' ಎಂಬುದರ ಮೇಲೆ ಓದಲಾಗುವಂತೆ ಒಂದೇ ಗೆರೆ ಎಳೆದು, ಪುಟದ ಕೆಳಗೆ ನಾಲ್ಕು ಸಾಲು ಬರೆದು ಸಹಿ ಮಾಡಿದೆ. ಪುಸ್ತಕವನ್ನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟಾಗ ಅವರು ಓದಿ, ಕನ್ನಡಕ ತೆಗೆದು, "ನಿಮಗೆ ಹುಚ್ಚಾ?" ಎಂದರು. ನಾಯರ್ ಸಾಹೇಬರಾಗಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಸುಮ್ಮನೆ ವಾಪಸು ಕೊಡುತ್ತಿದ್ದರು.

ವಿಚಾರಣೆ ಮತ್ತೆ ಕೂತಿತು. ಸ್ಕಿಪ್ಪರ್ ಎಲ್ಲವನ್ನೂ ಅಲ್ಲಗಳೆದ. ನಾನು ನನ್ನ ಸಾಲುಗಳನ್ನು ಓದಿ ಕೂತ ಮೇಲೆ ಅದೇ ದೋಣಿಯ ಒಬ್ಬ ಮರಾಠಿ ನಾವಿಕ ಎದ್ದು ನಿಂತ. ಹೌದು, ಕೊಕ್ಕೆ ಕೆಟ್ಟಿತ್ತು, ಕಟ್ಟಿಕೊಳ್ಳಲು ಹಗ್ಗದ ತುಂಡು ಕೊಟ್ಟದ್ದು ನಾನೇ ಎಂದ. ಅಷ್ಟು ದಿನ ಅವನೂ ನನ್ನ ಹಾಗೆಯೇ ಬಾಯಿ ಮುಚ್ಚಿ ಕೂತಿದ್ದ. ಗಂಟು ಬಿಚ್ಚಿತೋ, ಹಗ್ಗವೇ ತುಂಡಾಯಿತೋ ಯಾರಿಗೂ ಗೊತ್ತಿಲ್ಲ. ಹಳೆಯ ಹಗ್ಗ ತುಂಡಾಗಿರಬೇಕು ಎಂದು ನಾನು ತಿಳಿದಿದ್ದೇನೆ. ಅಜಾಗರೂಕತೆ ಎಂಬ ಮಾತು ವರದಿಯಿಂದ ಹೋಯಿತು.

ನನ್ನನ್ನು ಎರಡು ವರ್ಷ ಮೈಕಿನಿಂದ ದೂರ, ನಕ್ಷೆಗಳ ಕೋಣೆಗೆ ಹಾಕಿದರು. ಸರಿಯಾದ ಶಿಕ್ಷೆಯೇ. ಅಲ್ಲಿ ಕೂತು ಒಂದು ಟಿಪ್ಪಣಿ ಬರೆದು ಕೊಟ್ಟೆ: ಯಾವ ಭಾಷೆಯಲ್ಲಿ ಬಂದರೂ ಮಾತು ಮಾತೇ, ಅದನ್ನು ಬರೆಯಬೇಕು, ಪ್ರತಿ ಕರೆಯ ಕೊನೆಗೆ 'ಏನಾದರೂ ಕೆಟ್ಟಿದೆಯಾ?' ಎಂದು ಅವರವರ ಭಾಷೆಯಲ್ಲೇ ಕೇಳಬೇಕು. ಮೊದಲು ನಕ್ಕರು, ಆಮೇಲೆ ಅಚ್ಚು ಹಾಕಿಸಿದ ಲಾಗಿನಲ್ಲಿ ಅದಕ್ಕೊಂದು ಕಲಂ ಬಂತು. ನಾನು ಮೈಕಿಗೆ ಮರಳಿದ ಮೇಲೆ ಆ ಕಲಂ ಎಷ್ಟು ಸಲ ತುಂಬಿತೆಂದರೆ, ಮೊದಲೆಲ್ಲ ಸಮುದ್ರದಲ್ಲಿ ಏನೂ ಕೆಡುತ್ತಲೇ ಇರಲಿಲ್ಲವೋ ಎನ್ನಬೇಕು. ಈಗ ನಿನಗೆ ದೊಡ್ಡ ಪರದೆ ಉಂಟು ಅಕ್ಷತಾ, ದೋಣಿಗಳು ಚುಕ್ಕೆಯಾಗಿ ತಾವೇ ಬರುತ್ತವೆ, ಮಾತೆಲ್ಲ ತನ್ನಷ್ಟಕ್ಕೆ ರೆಕಾರ್ಡ್ ಆಗುತ್ತದೆ. ಒಳ್ಳೆಯದೇ. ಆದರೆ ಯಾರ ಕೊಕ್ಕೆ ಕೆಟ್ಟಿದೆ ಎಂದು ಚುಕ್ಕೆ ಹೇಳುವುದಿಲ್ಲ. ನೀನು ಕೇಳಬೇಕು.

ವರದಿ ಬಂದ ಮೇಲೆಯೇ ಬಾಬಣ್ಣ ಬೊಜ್ಜಕ್ಕೆ ದಿನ ಇಟ್ಟದ್ದು. ಫೋನು ಮಾಡಿ, "ನೀವು ಬರಬೇಕು. ಬರೆದದ್ದನ್ನು ತನ್ನಿ" ಎಂದರು. ಲಾಗ್ ಬುಕ್ ತರುವ ಹಾಗಿಲ್ಲ, ಆ ನಾಲ್ಕು ಸಾಲನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋದೆ.

ನಡುಮನೆಯಲ್ಲಿ ನಿತೇಶನ ಹೆಸರಿಗೆ ಬಾಳೆಎಲೆ ಹಾಕಿತ್ತು. ಪಕ್ಕದಲ್ಲಿ ನೀರಿನ ಚೊಂಬು, ದೀಪ. ಗಿರಿಜಕ್ಕ ಅನ್ನದ ಪಾತ್ರೆ ಹಿಡಿದು ನಿಂತಿದ್ದರು, ಅವನಿಗೆ ಇಷ್ಟದ ಕೋರಿರೊಟ್ಟಿ ಪಕ್ಕದಲ್ಲಿತ್ತು. ನೆಂಟರೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದರು. ಯಾರೂ ಬಡಿಸಲಿಲ್ಲ. ಬಾಬಣ್ಣ ನನ್ನನ್ನು ಎಲೆಯ ಮುಂದೆ ಕರೆದರು.

"ಓದಿ. ಇಂಗ್ಲಿಷ್ ಬೇಡ, ಅವನ ಹತ್ತಿರ ಮಾತಾಡಿದ ಹಾಗೆ ಓದಿ."

ಕಾಗದ ಬಿಡಿಸಿದೆ. ತುಳುವಿನಲ್ಲಿ ಓದಿದೆ:

"ಬೆಳಗ್ಗೆ ಏಳೂ ನಲವತ್ತಕ್ಕೆ ಕೊಕ್ಕೆ ಕೆಟ್ಟಿದೆ ಎಂದು ನಿತೇಶ ತಿಳಿಸಿದ. ಸ್ಕಿಪ್ಪರಿಗೆ ಹೇಳಿದ್ದೇನೆ ಎಂದ. ಹಗ್ಗದಲ್ಲಿ ಕಟ್ಟಿಕೊಂಡಿದ್ದೇನೆ, ಅಪ್ಪ ಕಲಿಸಿದ ಗಂಟು ಎಂದ. ಕೇಳಿದವನು ನಾನು, ಬರೆಯದೆ ಇದ್ದವನೂ ನಾನು."

ಬಾಬಣ್ಣ ಎಲೆಯ ಕಡೆ ನೋಡಿದರು. "ಕೇಳಿತಾ ಮಗಾ" ಎಂದರು. ಮತ್ತೆ ಹೆಂಡತಿಯ ಕಡೆ ತಿರುಗಿದರು.

"ಇನ್ನು ಬಡಿಸು."